ನಮ್ಮ ಸಂಬಂಧಿಕ

ಪ್ರತಿ ವರ್ಷ ಪಿಯುಸಿ ಮಕ್ಕಳಿಗೆ ಬೋರ್ಡಿನ ಮೇಲೆ ಯೀಸ್ಟ್ ಕೋಶದ ಚಿತ್ರ ಬರೆಯುತ್ತೇನೆ. ಹೊರಗೆ ಗಟ್ಟಿ ಕೋಶಭಿತ್ತಿ, ಅದಕ್ಕಂಟಿ ತೆಳ್ಳನೆ ಪೊರೆ, ಒಳಗೆ ಕೋಶಕೇಂದ್ರ, ನಾಲ್ಕಾರು ಮೈಟೊಕಾಂಡ್ರಿಯಾ, ದೊಡ್ಡದೊಂದು ರಸದಾನಿ. ‘ಬ್ಯಾಕ್ಟೀರಿಯಾಕ್ಕೆ ಕೋಶಕೇಂದ್ರ ಇಲ್ಲ, ಇದಕ್ಕಿದೆ. ಇದು ನಮ್ಮ ಸಂಬಂಧಿಕ’ ಎಂದು ನಗಿಸುತ್ತಿದ್ದೆ. ಆ ಸಂಬಂಧ ಎಷ್ಟು ದುಬಾರಿ ಎಂದು ತಿಳಿದದ್ದು ತಮ್ಮ ಮಲಗಿದಾಗ.

ಅವನಿಗೆ ನನ್ನದೊಂದು ಮೂತ್ರಪಿಂಡ ಕೊಟ್ಟು ಎರಡು ವರ್ಷವಾಗಿತ್ತು. ದೇಹ ಅದನ್ನು ಪರಕೀಯವೆಂದು ತಳ್ಳದಿರಲೆಂದು ದಿನವೂ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ. ಆ ಮರೆಯಲ್ಲೇ ಇನ್ನೊಂದು ನುಸುಳಿತ್ತು. ತಿಂಗಳಿಡೀ ತಲೆನೋವು, ಆಮೇಲೆ ವಾಂತಿ, ಮಂಪರು. ಬೆನ್ನುಹುರಿಯ ದ್ರವ ತೆಗೆದರು. ನಾನು ಜೀವಶಾಸ್ತ್ರದ ಟೀಚರೆಂದು ತಿಳಿದು ಲ್ಯಾಬಿನವರು ಸೂಕ್ಷ್ಮದರ್ಶಕದಲ್ಲಿ ನೋಡಲು ಬಿಟ್ಟರು. ಇಂಡಿಯಾ ಇಂಕಿನ ಕಪ್ಪಿನಲ್ಲಿ ದುಂಡನೆ ಕೋಶಗಳು, ಒಂದೊಂದರ ಸುತ್ತಲೂ ಬೆಳ್ಳನೆ ಪ್ರಭಾವಳಿ. ಒಂದಕ್ಕೆ ಪುಟ್ಟ ಮೊಗ್ಗು ಬಂದಿತ್ತು. ಕ್ರಿಪ್ಟೊಕಾಕಸ್ ನಿಯೋಫಾರ್ಮನ್ಸ್. ಪಾರಿವಾಳದ ಹಿಕ್ಕೆಯಲ್ಲಿ ಬೆಳೆಯುವ ಯೀಸ್ಟ್. ಉಸಿರಿನೊಂದಿಗೆ ಒಳಹೊಕ್ಕು, ಸಕ್ಕರೆಯ ಸರಪಳಿಗಳ ಕವಚ ಹೊದ್ದು ಮಿದುಳಿನವರೆಗೂ ಹೋಗುತ್ತದೆ. ನೋಡಲು ಚೆಂದವಿತ್ತು ಎನ್ನಲು ಇಂದಿಗೂ ನಾಚಿಕೆ.

ಆಂಫೊಟೆರಿಸಿನ್ ಕೊಡಲೇಬೇಕು, ಮೂತ್ರಪಿಂಡಕ್ಕೆ ಪೆಟ್ಟಾಗಬಹುದು ಎಂದರು ಡಾಕ್ಟರು. ಯಾಕೆಂದು ನನಗೆ ಗೊತ್ತಿತ್ತು. ಪೆನಿಸಿಲಿನ್ ಕೆಡಿಸುವ ಬ್ಯಾಕ್ಟೀರಿಯಾದ ಗೋಡೆಯಂಥದ್ದು ನಮ್ಮ ಕೋಶಕ್ಕೆ ಇಲ್ಲವೇ ಇಲ್ಲ. ಆದರೆ ಯೀಸ್ಟಿನ ಒಳಗಿನ ಸಂಸಾರ ಬಹುಪಾಲು ನಮ್ಮದರಂತೆಯೇ. ಏಟು ಹಾಕಲು ಸಿಗುವ ಜಾಗ ಕಡಿಮೆ. ಅಂಥದ್ದೊಂದು ಜಾಗ ಪೊರೆ. ನಮ್ಮದರಲ್ಲಿ ಕೊಲೆಸ್ಟ್ರಾಲ್, ಅದರಲ್ಲಿ ಎರ್ಗೊಸ್ಟೆರಾಲ್. ಔಷಧಿ ಎರ್ಗೊಸ್ಟೆರಾಲನ್ನು ಹಿಡಿದು ಪೊರೆಯನ್ನು ಹಾಳುಗೆಡವುತ್ತದೆ. ಎರಡೂ ಒಡಹುಟ್ಟಿದಂಥ ಅಣುಗಳು, ಹಾಗಾಗಿ ಸ್ವಲ್ಪ ಏಟು ನಮಗೂ ಬೀಳುತ್ತದೆ.

ಎರಡು ವಾರ ಡ್ರಿಪ್. ಕೊಬ್ಬಿನ ಸಣ್ಣ ಗುಳ್ಳೆಗಳಲ್ಲಿ ತುಂಬಿಸಿದ, ಹಾನಿ ಕಡಿಮೆ ಮಾಡುವ ಬಗೆಯದೇ ತರಿಸಿದರು. ಆದರೂ ಮೊದಲ ರಾತ್ರಿ ಮಂಚ ಅಲುಗುವಷ್ಟು ನಡುಕ. ಬೆಳಗಾದರೆ ಕ್ರಿಯಾಟಿನಿನ್ ರಿಪೋರ್ಟು: 1.4, 1.7, 2.1. ನನ್ನ ಮೂತ್ರಪಿಂಡ ಅವನ ಹೊಟ್ಟೆಯಲ್ಲಿ ಬಳಲುವುದನ್ನು ಅಂಕಿಗಳಲ್ಲಿ ಓದುತ್ತಾ ಕೂತೆ. ಒಮ್ಮೆ ಎಚ್ಚರಾಗಿ, ‘ಅಕ್ಕಾ, ನಿಂದನ್ನ ಹಾಳು ಮಾಡ್ತಿದೀನಾ?’ ಎಂದ. ‘ಕೊಟ್ಟಾಯ್ತಲ್ಲೋ, ಅದು ನಿಂದೇ’ ಎಂದೆ. ಹೊರಗೆ ಬಂದು ಅತ್ತೆ.

ತಮ್ಮ ಉಳಿದ. ಕ್ರಿಯಾಟಿನಿನ್ 1.8ಕ್ಕೆ ಬಂದು ನಿಂತಿತು, ಇನ್ನೂ ಕೆಳಗಿಳಿಯಲಿಲ್ಲ.

ಈ ವರ್ಷವೂ ಚಿತ್ರ ಬರೆದೆ. ಸಂಬಂಧಿಕನ ಜೋಕು ಹೇಳಲಿಲ್ಲ. ಮೊದಲೆಲ್ಲ ಒಂದೇ ಗೆರೆಯಲ್ಲಿ ಮುಗಿಸುತ್ತಿದ್ದ ಪೊರೆಯ ಬಳಿ ಈಗ ಹತ್ತು ನಿಮಿಷ ನಿಲ್ಲುತ್ತೇನೆ.