ಶಿರಡಿಗೆ ಹೋದವರು ಯೇವಲಾ ನೋಡಿದ್ದೀರಾ?

ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಕೋಪರ್‌ಗಾಂವ್‌ನಲ್ಲಿ ಇಳಿದು ಶಿರಡಿಗೆ ಹೋಗೋರು ನಮ್ಮ ಕೇರಿಗಳಲ್ಲೂ ಬೇಕಾದಷ್ಟು ಜನ ಇದ್ದಾರೆ. ನಾನೂ ಅವ್ವನನ್ನು ಎರಡು ಸಲ ಕರ್ಕೊಂಡು ಹೋಗಿದ್ದೆ. ಅಲ್ಲಿಂದ ಯೇವಲಾ ಹೆಚ್ಚುಕಮ್ಮಿ 30 ಕಿ.ಮೀ. ಅಷ್ಟೇ. ಯೇವಲಾ ಘೋಷಣೆ ಬಗ್ಗೆ ಎಷ್ಟೋ ವೇದಿಕೆಗಳಲ್ಲಿ ಭಾಷಣ ಬಿಗಿದ ನಾನು ಎರಡು ಸಲವೂ ಆ ಕಡೆ ತಲೆ ಹಾಕಿರಲಿಲ್ಲ. ನಾಚಿಕೆಯಿಂದಲೇ ಇದನ್ನು ಬರೀತಿದ್ದೀನಿ.

ಮೂರನೇ ಸಲ ಹೋದೆವು. ಯೇವಲಾದಲ್ಲಿ ಇಳಿದ ಕೂಡಲೇ ಆಟೋದವನು ಕೇಳಿದ್ದು, "ಪೈಠಣಿ ಸೀರೆ ಅಂಗಡಿಗಾ?" ಅಂತ. ಹೊರಗಿನವರು ಅಲ್ಲಿಗೆ ಬರೋದು ಸೀರೆಗೇ. "ಮುಕ್ತಿಭೂಮಿ" ಅಂದಾಗ ನಮ್ಮ ಮುಖ ನೋಡಿ "ಜೈ ಭೀಮ್" ಅಂದ.

ಅಕ್ಟೋಬರ್ 13ಕ್ಕೆ ಅಲ್ಲಿ ಜನ ಸೇರ್ತಾರೆ. ನಾವು ಹೋದ ದಿನ ನಾವಿಬ್ಬರೇ. ನೆರಳಲ್ಲಿ ಕೂತು ಅವ್ವನಿಗೆ ಕತೆ ಹೇಳಿದೆ.

ಇದೇ ಜಿಲ್ಲೆಯ ನಾಸಿಕ್‌ನಲ್ಲಿ, 1930ರ ಮಾರ್ಚ್ 2ರಂದು, ಕಾಳಾರಾಮ ಮಂದಿರದ ಬಾಗಿಲಲ್ಲಿ ನಮ್ಮವರು ಸತ್ಯಾಗ್ರಹ ಶುರು ಮಾಡಿದರು. ಕಲ್ಲೇಟು ತಿಂದರು, ಜೈಲಿಗೆ ಹೋದರು. ಐದು ವರ್ಷವಾದರೂ ಬಾಗಿಲು ತೆರೆಯಲಿಲ್ಲ. 1935ರ ಅಕ್ಟೋಬರ್ 13ರಂದು ಬಾಬಾಸಾಹೇಬರು ಯೇವಲಾದಲ್ಲಿ ಸುಮಾರು 10,000 ಜನರ ಮುಂದೆ ನಿಂತರು. ಹಿಂದೂವಾಗಿ ಹುಟ್ಟಿದ್ದು ನನ್ನ ಕೈಯಲ್ಲಿರಲಿಲ್ಲ, ಹಿಂದೂವಾಗಿ ಸಾಯುವುದಿಲ್ಲ ಎಂದರು. ಗುಡಿ ಬಾಗಿಲಲ್ಲಿ ನಿಲ್ಲೋದು ಸಾಕು ಅಂತ ಆ ಸಮಾವೇಶವೇ ತೀರ್ಮಾನಿಸಿತು.

ಅವ್ವ ಸುಮ್ಮನಿದ್ದಳು. ಆಮೇಲೆ, "ಐದು ವರ್ಷ ನಿಂತ್ರೂ ಬಿಡ್ಲಿಲ್ವಾ? ನಾನು ಅರವತ್ತು ವರ್ಷದಿಂದ ನಿಂತಿದೀನಲ್ಲೋ" ಅಂದಳು.

ಆಗ ಅರ್ಥ ಆಯ್ತು. ನಮ್ಮೂರಿನ ಗುಡಿಯಲ್ಲಿ ಅವ್ವನ ಹಣ್ಣುಕಾಯಿ ಒಳಗೆ ಹೋಗುತ್ತೆ, ಅವ್ವ ಜಗಲಿ ಕೆಳಗೇ. ಶಿರಡಿಯಲ್ಲಿ ಯಾರೂ ಜಾತಿ ಕೇಳಲ್ಲ, ಅದಕ್ಕೇ ಅವಳು ಅಲ್ಲಿ ಅಳುತ್ತಿದ್ದಳು. ನಾನು ಅದನ್ನು ಮೂಢನಂಬಿಕೆ ಅಂತ ಬೈದಿದ್ದೆ.

ನಾವು ನಾಗಪುರಕ್ಕೆ ಬಸ್ ಮಾಡಿಕೊಂಡು ಹೋಗ್ತೀವಿ, ಹೋಗಲೇಬೇಕು. ಆದರೆ ದೀಕ್ಷಾಭೂಮಿ ತಲುಪಿದ ಜಾಗ, ಹೊರಟ ಜಾಗ ಯೇವಲಾ. ನಡುವೆ 21 ವರ್ಷ, ಒಂದು ದಿನ. ಆ ವರ್ಷಗಳಲ್ಲಿ ಬಾಬಾಸಾಹೇಬರು ಓದಿದರು, ವಾದಿಸಿದರು. 1936ರಲ್ಲಿ ಲಾಹೋರಿನ ಭಾಷಣ ರದ್ದಾದಾಗ ಅದನ್ನೇ ಪುಸ್ತಕವಾಗಿ ಅಚ್ಚು ಹಾಕಿಸಿದರು. ಜನ ಸಿದ್ಧರಾಗಲಿ ಅಂತ ಕಾದರು. ನಾವೋ, ನಮ್ಮ ತಾಯಂದಿರಿಗೆ 21 ನಿಮಿಷ ಕೂತು ಹೇಳಲ್ಲ, ನೇರ ಬೈತೀವಿ.

ಮುಂದಿನ ಸಲ ಮನೆಯವರು ಶಿರಡಿಗೆ ಹೊರಟರೆ ಜಗಳ ಆಡಬೇಡಿ. ಜೊತೆಗೆ ಹೋಗಿ. ಒಂದು ದಿನ ಹೆಚ್ಚು ಇಟ್ಟುಕೊಂಡು ಯೇವಲಾಕ್ಕೆ ಕರ್ಕೊಂಡು ಹೋಗಿ. ಕೂತು ಕತೆ ಹೇಳಿ. ಮಿಕ್ಕಿದ್ದು ಅವರೇ ಹೇಳ್ತಾರೆ.

ಜೈ ಭೀಮ್.