ಸ್ಟುಡಿಬೇಕರ್ ಸಹೋದರರ ಊರಿನಲ್ಲಿ

ನಾವು ಚಿಕ್ಕವರಾಗಿದ್ದಾಗ ನಮ್ಮ ತಂದೆಯವರು ಒಂದು ಮೋಟಾರುಗಾಡಿಯ ಕಥೆಯನ್ನು ಮೇಲಿಂದ ಮೇಲೆ ಹೇಳುತ್ತಿದ್ದರು. ಅವರ ಬಾಲ್ಯದಲ್ಲಿ ನಮ್ಮ ಕಸಬೆಯ ವೈದ್ಯರೊಬ್ಬರು ಅಮೆರಿಕಾದ ಗಾಡಿಯೊಂದನ್ನು ಇಟ್ಟುಕೊಂಡಿದ್ದರಂತೆ. ಅದರ ಹಿಂಬದಿಯ ಗಾಜು ಮೂರು ಕಡೆಗೂ ಬಾಗಿದ್ದುದರಿಂದ, ದೂರದಲ್ಲಿ ನಿಂತವರಿಗೆ ಅದರ ಮುಖ ಯಾವುದು ಬೆನ್ನು ಯಾವುದು ಎಂಬುದೇ ತಿಳಿಯುತ್ತಿರಲಿಲ್ಲವಂತೆ. ಗಾಡಿಯು ಬರುತ್ತಿದೆಯೋ ಹೋಗುತ್ತಿದೆಯೋ ಎಂದು ಹುಡುಗರೆಲ್ಲರೂ ಹುಣಿಸೆಬೀಜದ ಪಂತ ಕಟ್ಟುತ್ತಿದ್ದರಂತೆ. ಆ ಗಾಡಿಯ ಹೆಸರು ಸ್ಟುಡಿಬೇಕರ್. ನಮ್ಮ ಪಾಲಿಗೆ ಅದು ಪುರಾಣದ ಪುಷ್ಪಕವಿಮಾನದ ಹಾಗೆ ಕೇಳಿದ ಹೆಸರೇ ಹೊರತು ಕಂಡ ವಸ್ತುವಾಗಿರಲಿಲ್ಲ.

ಅರವತ್ತು ತುಂಬಿ, ಪಾಠಶಾಲೆಯ ಕೆಲಸದಿಂದ ಬಿಡುವು ದೊರೆತ ಮೇಲೆ, ಹೋದ ವರ್ಷ ನಾವು ಮನೆಯಾಕೆಯೊಡನೆ ಷಿಕಾಗೋ ನಗರದಲ್ಲಿರುವ ಮಗಳ ಮನೆಗೆ ಹೋಗಿ ಕೆಲವು ತಿಂಗಳು ತಂಗಿದ್ದೆವು. ಒಂದು ದಿನ ಮಾತಿನ ನಡುವೆ ಆ ಹಳೆಯ ಕಥೆಯನ್ನು ಹೇಳಲು, ಅಳಿಯಂದಿರು ನಕ್ಕು, “ಆ ಗಾಡಿಯನ್ನು ಮಾಡಿದ ಊರು ಇಲ್ಲಿಂದ ತೊಂಬತ್ತು ಮೈಲಿ, ಶನಿವಾರ ಹೋಗಿ ಬರೋಣ” ಎಂದರು. ತಂದೆಯವರಿಲ್ಲದ ಮೇಲೆ ಅವರ ಮಾತಿನ ಬೇರನ್ನು ಹುಡುಕಿ ಹೋಗುವ ಭಾಗ್ಯ ನಮಗೆ ಬಂದಿತು.

ಮಿಷಿಗನ್ ಸರೋವರದ ತೆಂಕಣ ದಂಡೆಯನ್ನು ಬಳಸಿ, ಗ್ಯಾರಿ ಎಂಬ ಉಕ್ಕಿನ ಊರನ್ನು ದಾಟಿ, ದಾರಿಯು ಇಂಡಿಯಾನಾ ಸಂಸ್ಥಾನದಲ್ಲಿ ಪೂರ್ವಕ್ಕೆ ಸಾಗುತ್ತದೆ. ಅತ್ತಿತ್ತ ಮುಸುಕಿನ ಜೋಳದ ಹೊಲಗಳು. ನಡುದಾರಿಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಬೇಕಾಯಿತು. ಏಕೆಂದರೆ ಸೌತ್ ಬೆಂಡ್ ನಗರದ ಕಾಲಮಾನವೇ ಬೇರೆ. ಸೇಂಟ್ ಜೋಸೆಫ್ ಎಂಬ ನದಿಯು ದಕ್ಷಿಣಕ್ಕೆ ಹರಿದು ಬಂದು ಮತ್ತೆ ಉತ್ತರಕ್ಕೆ ಹೊರಳುವ ತಿರುವಿನಲ್ಲಿ ಈ ಊರು ಇದೆ. ‘ತೆಂಕಣ ತಿರುವು’ ಎಂಬುದೇ ಅದರ ಹೆಸರಿನ ಅರ್ಥ. ನೋಟರ್ ಡೇಮ್ ವಿಶ್ವವಿದ್ಯಾಲಯದ ಹೊನ್ನಿನ ಗೋಪುರವನ್ನು ಕಾಣಲು ಯಾತ್ರಿಕರು ಬರುವುದುಂಟು. ನಾವಾದರೋ ಅದಕ್ಕೆ ದೂರದಿಂದಲೇ ಕೈಮುಗಿದು, ಸ್ಟುಡಿಬೇಕರ್ ವಸ್ತುಸಂಗ್ರಹಾಲಯಕ್ಕೆ ಹೋದೆವು.

ಬಾಗಿಲು ಹೊಕ್ಕೊಡನೆ ಮೋಟಾರು ಕಾಣುವೆವೆಂದು ಎಣಿಸಿದ್ದ ನಮಗೆ ಎದುರಾದುವು ಮರದ ಗಾಲಿಗಳು. ಈ ವಂಶದವರು ಮೊದಲು ಬಂಡಿ ಮಾಡುವ ಕಮ್ಮಾರರು. 1852ನೆಯ ಇಸವಿಯ ಫೆಬ್ರವರಿಯಲ್ಲಿ ಹೆನ್ರಿ, ಕ್ಲೆಮೆಂಟ್ ಎಂಬ ಅಣ್ಣತಮ್ಮಂದಿರು 68 ಡಾಲರು ಬಂಡವಾಳದಿಂದ ಈ ಊರಿನಲ್ಲಿ ಕುಲುಮೆ ಹೂಡಿದರು. ಅವರ ತಮ್ಮ ಜಾನನಿಗೆ ಕುಲುಮೆಯ ಹೊಗೆಗಿಂತ ಕ್ಯಾಲಿಫೋರ್ನಿಯಾದ ಚಿನ್ನದ ಮೇಲೆ ಕಣ್ಣು. 1853ರಲ್ಲಿ ಅಣ್ಣಂದಿರ ಜತೆ ಕಟ್ಟಿದ ಒಂದು ಬಂಡಿಯನ್ನೇ ದಾರಿಯ ಬಾಡಿಗೆಯಾಗಿ ಕೊಟ್ಟು, ಪಡುವಣಕ್ಕೆ ಹೊರಟ ತಂಡದೊಡನೆ ಅವನು ಹೋದನು. ಗಣಿಯ ಊರನ್ನು ಮುಟ್ಟಿದಾಗ ಕಿಸೆಯಲ್ಲಿ ಉಳಿದುದು ಅರ್ಧ ಡಾಲರು. ಆದರೆ ಅವನು ಚಿನ್ನವನ್ನು ಅಗೆಯಲಿಲ್ಲ. ಅಗೆಯುವವರಿಗೆ ಮಣ್ಣು ಸಾಗಿಸುವ ಒಂಟಿಗಾಲಿಯ ತಳ್ಳುಗಾಡಿಗಳನ್ನು ಮಾಡಿ ತಲಾ ಹತ್ತು ಡಾಲರಿಗೆ ಮಾರಿದನು. ಅನೇಕರು ಬರಿಗೈಯಲ್ಲಿ ಹಿಂದಿರುಗಿದ ಆ ನೆಲದಿಂದ ಅವನು 1858ರಲ್ಲಿ 8,000 ಡಾಲರುಗಳೊಡನೆ ಮನೆಗೆ ಬಂದನು. ಬೆವರಿಗೆ ಬೆಲೆಯುಂಟೆಂಬುದನ್ನು ನಾವು ಮಕ್ಕಳಿಗೆ ಎಷ್ಟು ಸಲ ಪಾಠ ಹೇಳಿದ್ದರೂ ಇಷ್ಟು ಒಳ್ಳೆಯ ದೃಷ್ಟಾಂತವು ನಮಗೆ ದೊರೆತಿರಲಿಲ್ಲ.

ಹಿರಿಯನಾದ ಹೆನ್ರಿಯು ಶಾಂತಿವ್ರತವನ್ನು ಹಿಡಿದ ಕ್ರೈಸ್ತ ಪಂಥದವನು. ಸೈನ್ಯಕ್ಕೆ ಬಂಡಿ ಒದಗಿಸುವುದು ಅವನ ಮನಸ್ಸಿಗೆ ಒಗ್ಗದು. ಜಾನನು ತಂದ ಹಣದಿಂದ ಅವನ ಪಾಲನ್ನು ಕೊಂಡುಕೊಳ್ಳಲಾಯಿತು. ಹೆನ್ರಿಯು ಬೇಸಾಯಕ್ಕೆ ನಿಂತನು. 1861ರಲ್ಲಿ ಆ ದೇಶದ ಒಳಯುದ್ಧವು ಮೊದಲಾಗಲು, ಕಿರಿಯರ ಬಂಡಿಗಳು ಸೈನ್ಯದ ಹಿಂದೆ ಸಾಲುಸಾಲಾಗಿ ನಡೆದುವು. ಪೀಟರ್, ಜೇಕಬ್ ಎಂಬ ಇನ್ನಿಬ್ಬರು ತಮ್ಮಂದಿರೂ ಕೂಡಿಕೊಂಡರು. 1872ರಲ್ಲಿ ಒಮ್ಮೆ, 1874ರಲ್ಲಿ ಮತ್ತೊಮ್ಮೆ ಕಾರ್ಖಾನೆಗೆ ಬೆಂಕಿ ಬಿದ್ದಿತು. ಎರಡು ಸಲವೂ ಅದನ್ನು ಮೊದಲಿಗಿಂತ ದೊಡ್ಡದಾಗಿ ಎತ್ತಿ ನಿಲ್ಲಿಸಿದರು. ಆ ಶತಮಾನವು ಮುಗಿಯುವ ಹೊತ್ತಿಗೆ ಲೋಕದಲ್ಲಿ ಅತಿ ಹೆಚ್ಚು ಬಂಡಿ ಮಾಡುವವರೆಂಬ ಹೆಸರು ಅವರದಾಗಿತ್ತು. ಸಂಗ್ರಹಾಲಯದಲ್ಲಿ ಒಂದು ಸಾರೋಟು ಇದೆ. 1865ರ ಏಪ್ರಿಲ್ 14ರ ರಾತ್ರಿ ಅಧ್ಯಕ್ಷ ಲಿಂಕನ್ನರು ನಾಟಕ ನೋಡಲು ಹೋದುದು ಅದರಲ್ಲಿ. ಅವರು ಅದರಲ್ಲಿ ಹಿಂದಿರುಗಲಿಲ್ಲ. ಬೇರೆಯವರು ಮಾಡಿದ ಆ ಸಾರೋಟನ್ನು ಕ್ಲೆಮೆಂಟನು ಆಮೇಲೆ ಕೊಂಡು ಕಾಪಾಡಿದನು. ಅದರ ಮುಂದೆ ನಮ್ಮ ಮನೆಯಾಕೆಯು ಬಹಳ ಹೊತ್ತು ಮಾತಿಲ್ಲದೆ ನಿಂತಿದ್ದಳು.

ಕುದುರೆಯ ಕಾಲವು ಮುಗಿಯುತ್ತಿದೆಯೆಂಬುದನ್ನು ಈ ಮನೆತನದವರು ಅರಿತರು. ಇದೇ ಅವರ ಹಿರಿಮೆ. ದೇಶದ ಸಾವಿರಾರು ಬಂಡಿಗಾರರು ಮೋಟಾರು ಬಂದಾಗ ಕಣ್ಮರೆಯಾದರು. ಹೆಸರು ಉಳಿಸಿಕೊಂಡ ದೊಡ್ಡ ಮನೆಯು ಇದೊಂದೇ ಎನ್ನಬಹುದು. 1902ರಲ್ಲಿ ವಿದ್ಯುತ್ತಿನಿಂದ ಓಡುವ ಗಾಡಿಯನ್ನು ಮಾಡಿದರು. ಮೊದಲ ವರ್ಷ ಮಾರಿದುದು ಇಪ್ಪತ್ತು. ಕೊಂಡವರಲ್ಲಿ ಎಡಿಸನ್ ಮಹಾಶಯನೂ ಒಬ್ಬನು. 1904ರಲ್ಲಿ ಪೆಟ್ರೋಲಿನ ಗಾಡಿ ಬಂದಿತು. 1917ರಲ್ಲಿ ತಳ್ಳುಗಾಡಿಯ ಜಾನನು ತೀರಿಕೊಂಡನು. 1920ರಲ್ಲಿ ಕುದುರೆಬಂಡಿಯ ತಯಾರಿಕೆಯನ್ನು ನಿಲ್ಲಿಸಿದರು.

ಇಲ್ಲಿಂದ ಮುಂದಿನ ಕಥೆಯು ಅಣ್ಣತಮ್ಮಂದಿರದಲ್ಲ, ಆಡಳಿತಗಾರರದು. ಅಧ್ಯಕ್ಷನಾಗಿದ್ದ ಆಲ್ಬರ್ಟ್ ಅರ್ಸ್ಕಿನ್ ಎಂಬಾತನು, 1929ರ ಮಹಾಕುಸಿತವು ಬೇಗನೆ ತೀರುವುದೆಂದು ನಂಬಿ, ಬಂದ ಲಾಭಕ್ಕಿಂತ ಹೆಚ್ಚಿನ ಲಾಭಾಂಶವನ್ನು ಪಾಲುದಾರರಿಗೆ ಹಂಚಿದನು. ಬೀಜದ ಭತ್ತವನ್ನು ಕುಟ್ಟಿ ಹಬ್ಬ ಮಾಡಿದ ಹಾಗಾಯಿತು. 1933ರ ಮಾರ್ಚಿಯಲ್ಲಿ ಸಂಸ್ಥೆಯು ನ್ಯಾಯಾಲಯದ ವಶಕ್ಕೆ ಹೋಯಿತು. ಅದೇ ಜುಲೈ 1ನೆಯ ತಾರೀಖು ಅವನು ಪ್ರಾಣ ಕಳೆದುಕೊಂಡನು. ಆ ಹಳ್ಳದಿಂದ ಹಾಫ್ಮನ್ ಮತ್ತು ವ್ಯಾನ್ಸ್ ಎಂಬ ಇಬ್ಬರು ಸಂಸ್ಥೆಯನ್ನು ಮೇಲೆತ್ತಿದರು. 1939ರಲ್ಲಿ ‘ಚಾಂಪಿಯನ್’ ಎಂಬ ಮಿತವ್ಯಯದ ಗಾಡಿಯು ಜನರ ಮನಸ್ಸನ್ನು ಗೆದ್ದಿತು. ಎರಡನೆಯ ಮಹಾಯುದ್ಧದಲ್ಲಿ ಇವರು ಮಾಡಿದ ಸುಮಾರು 2 ಲಕ್ಷ ಸರಕುಲಾರಿಗಳಲ್ಲಿ ಹೆಚ್ಚಿನವು ರಷ್ಯಾಕ್ಕೆ ಹೋದುವು. ಅಲ್ಲಿನ ಸಿಪಾಯಿಗಳ ನಾಲಗೆಯ ಮೇಲೂ ಸ್ಟುಡಿಬೇಕರ್ ಎಂಬ ಹೆಸರು ನಿಂತಿತು.

ಯುದ್ಧವು ಮುಗಿದೊಡನೆ, ಉಳಿದವರು ಹಳೆಯ ಅಚ್ಚಿನ ಗಾಡಿಗಳನ್ನೇ ಮಾರುತ್ತಿದ್ದಾಗ, 1947ರ ಮಾದರಿಯೆಂದು ಇವರು ಪೂರಾ ಹೊಸ ಗಾಡಿಯನ್ನು ತಂದರು. ನಮ್ಮ ತಂದೆಯವರು ಕಂಡುದು ಅದನ್ನೇ! ಸಂಗ್ರಹಾಲಯದಲ್ಲಿ ಅದರ ಮುಂದೆ ನಿಂತು ನಾವು ಒಮ್ಮೆ ಹಿಂದಿನಿಂದ, ಒಮ್ಮೆ ಮುಂದಿನಿಂದ ನೋಡಿದೆವು. “ಇದು ಬರುತ್ತಿದೆಯೋ ಹೋಗುತ್ತಿದೆಯೋ?” ಎಂಬ ಹಾಸ್ಯವು ಆಗ ಅಮೆರಿಕಾದಲ್ಲೆಲ್ಲ ಹಬ್ಬಿತ್ತೆಂದು ತಿಳಿದು ನಮಗೆ ಸೋಜಿಗವಾಯಿತು. ಸಾವಿರಾರು ಮೈಲಿ ಆಚೆಯ ನಮ್ಮ ಕಸಬೆಯ ಹುಡುಗರಿಗೂ ಅದೇ ಹೊಳೆದಿತ್ತಲ್ಲ! 1950ರ ಮಾದರಿಯ ಗಾಡಿಗಳು ಮೂರು ಲಕ್ಷಕ್ಕೂ ಮೀರಿ ಹೊರಬಂದುವು. ಆಗ ಅಲ್ಲಿ ದುಡಿಯುತ್ತಿದ್ದವರು ಇಪ್ಪತ್ತು ಸಾವಿರಕ್ಕೂ ಹೆಚ್ಚು. ಅಜ್ಜ, ಮಗ, ಮೊಮ್ಮಗ ಒಂದೇ ಕಾರ್ಖಾನೆಯಲ್ಲಿ ಇದ್ದ ಮನೆಗಳು ಊರಿನಲ್ಲಿ ಬೇಕಾದಷ್ಟಿದ್ದುವು.

ಆದರೆ ಚೆಲುವಿನ ಹಿಂದೆ ಹುಳುಕು ಇತ್ತು. ಕಾರ್ಖಾನೆಯ ಕಟ್ಟಡಗಳು ಹಳೆಯವು, ಬಹು ಅಂತಸ್ತಿನವು. ಒಂದು ಗಾಡಿಗೆ ತಗಲುವ ಖರ್ಚು ದೊಡ್ಡ ಸಂಸ್ಥೆಗಳದಕ್ಕಿಂತ ಹೆಚ್ಚು. 1953ರಿಂದ ಫೋರ್ಡ್ ಮತ್ತು ಷೆವ್ರೊಲೆ ಗಾಡಿಗಳು ಒಂದರ ಮೇಲೊಂದು ಬೆಲೆ ಇಳಿಸಿ ಹೋರಾಡಲು, ಆನೆಗಳ ಜಗಳದಲ್ಲಿ ಗರಿಕೆ ತುಳಿತಕ್ಕೆ ಸಿಕ್ಕಿದಂತೆ ಸಣ್ಣವರು ನಲುಗಿದರು. 1954ರಲ್ಲಿ ಪ್ಯಾಕರ್ಡ್ ಸಂಸ್ಥೆಯೊಡನೆ ನಂಟು ಬೆಳೆಸಿದರು. ಇಬ್ಬರು ಮುಳುಗುವವರು ಒಬ್ಬರನ್ನೊಬ್ಬರು ತಬ್ಬಿಕೊಂಡರೆ ದಡ ಸೇರುವರೆ? 1958ರ ಬಳಿಕ ಪ್ಯಾಕರ್ಡ್ ಎಂಬ ಹೆಸರಿನ ಗಾಡಿಯೇ ಇಲ್ಲವಾಯಿತು. 1959ರ ‘ಲಾರ್ಕ್’ ಎಂಬ ಸಣ್ಣ ಗಾಡಿಯು ಒಂದು ವರ್ಷ ಲಾಭ ತಂದಿತು. ಮರುವರ್ಷವೇ ದೊಡ್ಡವರೂ ಸಣ್ಣ ಗಾಡಿ ಮಾಡಿದರು. 1962ರಲ್ಲಿ ಲೋವಿ ಎಂಬ ಹೆಸರಾಂತ ಶಿಲ್ಪಿಯ ಕೈಕೆಳಗೆ ರೂಪುಗೊಂಡ ‘ಅವಾಂತಿ’ಯು ಇಂದಿಗೂ ಕಣ್ಣು ಸೆಳೆಯುತ್ತದೆ. ಆದರೆ ಅದರ ಗಾಜುನಾರಿನ ಮೈಯನ್ನು ಸಕಾಲಕ್ಕೆ ಸರಿಯಾಗಿ ಒದಗಿಸಲಾಗದೆ, ಕೊಳ್ಳಬಂದವರು ಕಾದು ಹಿಂದಿರುಗಿದರು.

1963ರ ಡಿಸೆಂಬರ್ 9ರಂದು, ಸೌತ್ ಬೆಂಡಿನ ಕಾರ್ಖಾನೆಯನ್ನು ಮುಚ್ಚುವೆವೆಂಬ ಪ್ರಕಟಣೆ ಹೊರಟಿತು. 20ರಂದು, ಕ್ರಿಸ್ಮಸ್ ಹಬ್ಬಕ್ಕೆ ಐದು ದಿನವಿರುವಾಗ, ಕಡೆಯ ಗಾಡಿಯು ಹೊರಬಂದಿತು. ಕೆಂಪು ಬಣ್ಣದ ಆ ‘ಡೇಟೋನಾ’ ಈಗ ಸಂಗ್ರಹಾಲಯದಲ್ಲಿದೆ. ಸುಮಾರು ಏಳು ಸಾವಿರ ಮಂದಿ ಕೆಲಸ ಕಳೆದುಕೊಂಡರು. ಕೆನಡಾ ದೇಶದ ಹ್ಯಾಮಿಲ್ಟನ್ನಿನಲ್ಲಿ 1966ರ ಮಾರ್ಚಿಯವರೆಗೆ ಗಾಡಿ ಮಾಡಿ, ಅಲ್ಲಿಯೂ ನಿಲ್ಲಿಸಿದರು. ವಿಚಿತ್ರವೆಂದರೆ ಸಂಸ್ಥೆಯು ಆಗ ಸಾಯಲಿಲ್ಲ. ಮೋಟಾರಿನ ಎಣ್ಣೆಗೆ ಬೆರಸುವ ದ್ರವ, ತೋಟದ ಯಂತ್ರ ಮುಂತಾದ ಬೇರೆ ವ್ಯಾಪಾರಗಳನ್ನು ಮೊದಲೇ ಕೊಂಡಿತ್ತಾಗಿ, ಅದು ಬದುಕಿ, 1967ರಲ್ಲಿ ವರ್ದಿಂಗ್ಟನ್ ಎಂಬ ಇನ್ನೊಂದು ಸಂಸ್ಥೆಯೊಡನೆ ಬೆರೆಯಿತು. ಬಾಡಿದುದು ಊರು.

ಅಲ್ಲಿ ಸಂದರ್ಶಕರಿಗೆ ವಿವರ ಹೇಳುತ್ತಿದ್ದ ವೃದ್ಧರೊಬ್ಬರು ನಮ್ಮನ್ನು ನೋಡಿ ಉದ್ಯೋಗವೇನೆಂದು ಕೇಳಿದರು. ಉಪಾಧ್ಯಾಯರಾಗಿದ್ದು ಈಗ ವಿಶ್ರಾಂತಿವೇತನದಲ್ಲಿರುವೆವೆಂದು ಅಳಿಯಂದಿರ ಮೂಲಕ ತಿಳಿಸಲು, “ನಿಮಗೆ ವಯಸ್ಸೆಷ್ಟು?” ಎಂದರು. ಅರವತ್ತೆಂದೆವು. “ಹಾಗಾದರೆ ನೀವು ಗೆರೆಯ ಈಚೆಯವರು. ನನ್ನ ತಂದೆಗೆ ಆಗ ಐವತ್ತನಾಲ್ಕು, ಅವರು ಆಚೆಯವರು” ಎಂದು ಅವರು ಸುಮ್ಮನಾದರು.

ಆ ಗೆರೆಯ ಸಂಗತಿಯನ್ನು ವಾಚಕರಿಗೆ ತಿಳಿಸದೆ ಈ ಲೇಖನವನ್ನು ಮುಗಿಸಲಾರೆವು. 1950ರಲ್ಲಿ ಸಂಸ್ಥೆಯೂ ಕಾರ್ಮಿಕರ ಸಂಘವೂ ಕೂಡಿ ವಿಶ್ರಾಂತಿವೇತನದ ಏರ್ಪಾಡನ್ನು ಮಾಡಿದ್ದರು. ಹಿಂದೆ ಸಲ್ಲಿಸಿದ್ದ ಸೇವೆಯನ್ನೂ ಲೆಕ್ಕಕ್ಕೆ ಹಿಡಿದರು. ಅದಕ್ಕೆ ಬೇಕಾದ ನಿಧಿಯನ್ನು ಮಾತ್ರ ಮೂವತ್ತು ವರ್ಷಗಳಲ್ಲಿ ಮೆಲ್ಲಮೆಲ್ಲನೆ ತುಂಬುವುದೆಂದು ಗೊತ್ತುಮಾಡಿದರು. ಸಂಸ್ಥೆಯು ಕರಾರಿನ ಕಂತುಗಳನ್ನು ತಪ್ಪಿಸಲಿಲ್ಲ. ಆದರೆ ಹದಿಮೂರೇ ವರ್ಷಗಳಲ್ಲಿ ಬಾಗಿಲು ಮುಚ್ಚಿದಾಗ ಪೆಟ್ಟಿಗೆಯು ಅರೆಬರೆ. ಆಗಲೇ ನಿವೃತ್ತರಾಗಿದ್ದವರಿಗೂ, ಅರವತ್ತು ತುಂಬಿ ಹತ್ತು ವರ್ಷ ದುಡಿದಿದ್ದವರಿಗೂ ಪೂರ್ತಿ ಸಲ್ಲಿತು. ಅವರು ಸುಮಾರು 3,600 ಮಂದಿ. ನಲವತ್ತರಿಂದ ಐವತ್ತೊಂಬತ್ತರೊಳಗಿನ ಹಕ್ಕುದಾರರು ಸುಮಾರು 4,000. ಅವರ ಸೇವೆಯು ಸರಾಸರಿ ಇಪ್ಪತ್ತಮೂರು ವರ್ಷ; ಅವರಿಗೆ ಬಂದುದು ಹಕ್ಕಿನ ಬೆಲೆಯಲ್ಲಿ ನೂರಕ್ಕೆ ಸುಮಾರು 15. ಉಳಿದವರಿಗೆ ಏನೂ ಇಲ್ಲ. ಐವತ್ತೊಂಬತ್ತಕ್ಕೂ ಅರವತ್ತಕ್ಕೂ ನಡುವೆ ಇಷ್ಟು ಆಳವಾದ ಹಳ್ಳವಿರಬಹುದೆಂದು ನಾವು ಎಣಿಸಿರಲಿಲ್ಲ.

ಈ ದುಃಖವು ವ್ಯರ್ಥವಾಗಲಿಲ್ಲವೆಂಬುದೇ ಸಮಾಧಾನ. ವಯಸ್ಸಾದ ಕೆಲಸಗಾರರಿಗೆ ಹೊಸ ಕೆಲಸ ಹುಡುಕಿಕೊಡಲು ಊರಿನಲ್ಲಿಯೇ ‘ಏಬಲ್’ ಎಂಬ ಯೋಜನೆಯನ್ನು ನಡೆಸಿದರು. ಸ್ಟುಡಿಬೇಕರ್ ಕಾರ್ಮಿಕರ ಗತಿಯು ದೇಶಕ್ಕೆಲ್ಲ ದೃಷ್ಟಾಂತವಾಗಿ, ಹತ್ತು ವರ್ಷಗಳ ಚರ್ಚೆಯ ಮೇಲೆ, 1974ರ ಸೆಪ್ಟೆಂಬರ್ 2ರಂದು, ಶ್ರಮಿಕರ ಹಬ್ಬದ ದಿನ, ಅಧ್ಯಕ್ಷ ಫೋರ್ಡರು ಹೊಸ ಶಾಸನಕ್ಕೆ ಸಹಿ ಹಾಕಿದರು. ಖಾಸಗಿ ಸಂಸ್ಥೆಯು ವೇತನದ ವಾಗ್ದಾನ ಮಾಡಿದರೆ ನಿಧಿಯನ್ನು ಕಟ್ಟಲೇಬೇಕು. ಸಂಸ್ಥೆಯು ಕೆಟ್ಟರೂ ಒಂದು ಮಿತಿಯವರೆಗೆ ವಿಮೆಯು ಕಾಯಬೇಕು ಎಂದು ಅದು ವಿಧಿಸಿತು.

ಸಂಗ್ರಹಾಲಯದಿಂದ ಹೊರಟು ಊರನ್ನು ಸುತ್ತಿದೆವು. ಕ್ಲೆಮೆಂಟನು 1889ರಲ್ಲಿ ಕಟ್ಟಿ ಮುಗಿಸಿದ, ನಲವತ್ತು ಕೋಣೆಗಳ ಕಲ್ಲಿನ ಮಹಲು ಮುಂದೆ ಭೋಜನಶಾಲೆಯಾಯಿತು. ಕಾರ್ಖಾನೆಯ ಬಹುಭಾಗವನ್ನು ಕೆಡವಿದ್ದಾರೆ. ಉಳಿದ ದೊಡ್ಡ ಕಟ್ಟಡವೊಂದನ್ನು ದುರಸ್ತು ಮಾಡಿ ಹೊಸ ಕಸಬಿನವರಿಗೆ ಕೊಡುವ ಯತ್ನ ನಡೆದಿದೆ. 1960ರಲ್ಲಿ 1,32,445 ಇದ್ದ ಜನಸಂಖ್ಯೆಯು 2010ರಲ್ಲಿ 1,01,168ಕ್ಕೆ ಇಳಿದು, 2020ರಲ್ಲಿ 1,03,453ಕ್ಕೆ ಏರಿತು. ಏರಿದುದು ಅಲ್ಪವೇ, ಆದರೂ ಏರಿತು.

ಮನುಷ್ಯರ ದಶೆಯು ಗಾಲಿಯ ಅಂಚಿನಂತೆ ಕೆಳಗೂ ಮೇಲೂ ತಿರುಗುವುದೆಂದು ಕಾಳಿದಾಸನು ಮೇಘದೂತದಲ್ಲಿ ಯಕ್ಷನ ಬಾಯಿಂದ ಹೇಳಿಸಿದ್ದಾನೆ. ಮೂವತ್ತು ವರ್ಷ ನಾವು ಅದನ್ನು ಮಕ್ಕಳಿಗೆ ಅನ್ವಯಾರ್ಥಸಹಿತವಾಗಿ ಪಾಠ ಹೇಳಿದವರು. ಗಾಲಿ ಮಾಡಿದವರ ಊರಿನಲ್ಲಿಯೇ ಅದಕ್ಕೆ ಒಂದು ಟಿಪ್ಪಣಿಯನ್ನು ಸೇರಿಸಬೇಕೆನಿಸಿತು. ಗಾಲಿಯು ತಿರುಗುವುದನ್ನು ನಾವು ತಡೆಯಲಾರೆವು. ಅದರ ಕೆಳಗೆ ಯಾರು ಸಿಕ್ಕಬೇಕೆಂಬುದನ್ನು ಮಾತ್ರ ಬಹುಮಟ್ಟಿಗೆ ಮನುಷ್ಯರೇ ಮುಂಚಿತವಾಗಿ ಗೊತ್ತುಮಾಡಿರುತ್ತಾರೆ.

ಹಿಂದಿರುಗುವಾಗ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಂಡೆವು. ಮನೆಯಾಕೆಯು, “ಆ ಮುದುಕರ ತಂದೆಗೆ ಕಡೆಗೆ ಏನಾಯಿತೆಂದು ಕೇಳಿದಿರಾ?” ಎಂದಳು. ಕೇಳಿದ್ದೆವು. ಆತನು ಶಾಲೆಯೊಂದರಲ್ಲಿ ರಾತ್ರಿಯ ಕಾವಲುಗಾರನಾಗಿ ಅರವತ್ತೆಂಟರವರೆಗೆ ದುಡಿದನಂತೆ. ಆದರೂ ಸಾಯುವವರೆಗೆ ಸ್ಟುಡಿಬೇಕರ್ ಗಾಡಿಯನ್ನು ಬಿಟ್ಟು ಬೇರೆಯದನ್ನು ಹತ್ತಲಿಲ್ಲವಂತೆ. ಅದನ್ನು ಅವನ ಕೈಯೇ ಮಾಡಿದ್ದಿತಲ್ಲವೆ?