ಹೊಸ ಟೈರಿನ ಸದ್ದು, ಶಿರಾಡಿಯ ಹಾದಿ

ಬೆಂಗಳೂರಿನಿಂದ ಕರಾವಳಿಗೆ ಇಳಿಯುವ ಹೆದ್ದಾರಿ 75ರಲ್ಲಿ ಆಗಾಗ ಓಡಾಡುವವರಿಗೆ ಆ ದಾರಿ ಕಣ್ಣಿಗೆ ಎಷ್ಟು ಪರಿಚಯವೋ ಕಿವಿಗೂ ಅಷ್ಟೇ ಪರಿಚಯ. ನೆಲಮಂಗಲ ದಾಟಿ ಕುಣಿಗಲ್, ಬೆಳ್ಳೂರು ಕ್ರಾಸ್ ಕಡೆ ಸಾಗುವಾಗ ಡಾಂಬರಿನ ಮೇಲೆ ಕಾರು ಸುಯ್ಯಂತ ಹೋಗುತ್ತೆ. ಸಕಲೇಶಪುರದಾಚೆ ಶಿರಾಡಿ ಘಾಟಿಯಲ್ಲಿ ಕಾಂಕ್ರೀಟು. 2015ರಲ್ಲಿ ಒಂದಷ್ಟು, 2018ರಲ್ಲಿ ಇನ್ನಷ್ಟು ಅಂತ ಎರಡು ಕಂತಿನಲ್ಲಿ ಅದನ್ನು ಹಾಕಿದಾಗ ತಿಂಗಳುಗಟ್ಟಲೆ ರಸ್ತೆ ಬಂದ್ ಆಗಿ, ಚಾರ್ಮಾಡಿ ಸುತ್ತಿಕೊಂಡು ಹೋದದ್ದು ಅನೇಕರಿಗೆ ನೆನಪಿರಬಹುದು. ಆ ಕಾಂಕ್ರೀಟಿನ ಮೇಲೆ ಚಕ್ರದ ದನಿಯೇ ಬೇರೆ.

ಈ ಸಲ ಉಪ್ಪಿನಂಗಡಿಗೆ ಹೊರಟಾಗ ಕಾರಿಗೆ ಹೊಸ ಅಲಾಯ್ ವೀಲು, ಹೊಸ ಟೈರು. ಮೊದಲಿದ್ದದ್ದು 195/65 ಆರ್ 15, ಈಗಿನದು 205/55 ಆರ್ 16. ಅದೇ ಕಾರಿನ ಮೇಲಿನ ಮಾದರಿಗೆ ಕಂಪನಿಯೇ ಕೊಡುವ ಅಳತೆ ಇದು. ಚಕ್ರದ ಒಟ್ಟು ಎತ್ತರ ಹೆಚ್ಚುಕಡಿಮೆ ಅಷ್ಟೇ, 634 ಮಿ.ಮೀ. ಇದ್ದದ್ದು 632 ಆಗಿದೆ. ಆದ್ರೆ ರಿಮ್ಮಿನ ಸುತ್ತಲಿನ ರಬ್ಬರ್ ಗೋಡೆ 127 ಮಿ.ಮೀ.ನಿಂದ 113ಕ್ಕೆ ಇಳಿದಿದೆ. ಅಂದ್ರೆ 14 ಮಿ.ಮೀ. ಮೆತ್ತೆ ಹೋಯ್ತು, ನೆಲ ಮುಟ್ಟುವ ಪಟ್ಟಿ ಅಗಲವಾಯ್ತು. ಸದ್ದು ಸ್ವಲ್ಪ ಹೆಚ್ಚೋದು ಸಹಜ. ಎಷ್ಟು ಸಹಜ, ಎಲ್ಲಿಂದಾಚೆ ರೋಗ ಅನ್ನೋದೇ ಪ್ರಶ್ನೆ.

ಜೊತೆಗೆ ಅಮ್ಮ ಇದ್ದರು. ಕಿವಿಗೆ ಮಷೀನು ಹಾಕ್ತಾರೆ. ಊರಿಗೆ ಹೋಗುವ ಆರೇಳು ಗಂಟೆಯೇ ನಮ್ಮಿಬ್ಬರಿಗೆ ಪುರುಸೊತ್ತಿನ ಮಾತಿನ ಹೊತ್ತು. ಕುಣಿಗಲ್ ದಾಟುವಷ್ಟರಲ್ಲಿ ಅವರು ಮಷೀನು ತೆಗೆದು ಪರ್ಸಿಗೆ ಹಾಕಿದರು. “ಬರೀ ಗುಂಯ್ ಅಂತ ಕೇಳ್ತದೆ ಮಾರಾಯ, ನಿನ್ನ ಮಾತೇ ಗೊತ್ತಾಗುದಿಲ್ಲ.” ಆ ಮಷೀನಿಗೆ ನಮ್ಮ ಹಾಗೆ ಬೇಕಾದ್ದನ್ನಷ್ಟೇ ಆರಿಸಿ ಕೇಳೋದು ಕಷ್ಟ. ಮಾತಿನ ಜೊತೆ ಗೌಜನ್ನೂ ದೊಡ್ಡದು ಮಾಡುತ್ತೆ.

ಹಾಗಾಗಿ ದಾರಿಯುದ್ದಕ್ಕೂ ಕಿವಿಗೊಟ್ಟು ಕೇಳುತ್ತಾ ಹೋದೆ. ಮೊದಲು, ಇದು ಎಂಜಿನ್ನಿನದೋ ಚಕ್ರದ್ದೋ? ಒಂದೇ ವೇಗದಲ್ಲಿ ನಾಲ್ಕನೇ ಗೇರು, ಐದನೇ ಗೇರು ಬದಲಿಸಿ ನೋಡಿದೆ. ಗೇರಿನ ಜೊತೆ ಸದ್ದು ಬದಲಾದರೆ ಎಂಜಿನ್ನಿನದು. ಬದಲಾಗಲಿಲ್ಲ. ವೇಗ ಇಳಿಸಿದಾಗ ಮಾತ್ರ ಇಳಿಯಿತು. ಅಂದ್ರೆ ಉರುಳುವ ಯಾವುದೋ ಭಾಗದ್ದು.

ಎರಡನೆಯದು, ಟೈರಿನದೋ ಬೇರಿಂಗಿನದೋ? ಇಲ್ಲಿ ರಸ್ತೆಯೇ ಪರೀಕ್ಷಕ. ಟೈರಿನ ಸದ್ದು ನೆಲ ಬದಲಾದಂತೆ ಬದಲಾಗುತ್ತೆ. ನುಣುಪು ಡಾಂಬರಿನಲ್ಲಿ ತಗ್ಗುತ್ತೆ, ಜಲ್ಲಿ ಎದ್ದ ಕಡೆ ಮೊರೆಯುತ್ತೆ. ಬೇರಿಂಗಿಗೆ ನೆಲದ ಹಂಗಿಲ್ಲ, ಎಲ್ಲಾ ಕಡೆ ಒಂದೇ ರಾಗ. ಚನ್ನರಾಯಪಟ್ಟಣದ ಹತ್ತಿರ ಹೊಸದಾಗಿ ಡಾಂಬರು ಹಾಕಿದ ಕಡೆ ಮೇಲಿನ ಸರಸರ ನಿಂತಿತು. ಅಡಿಯ ಗುಂಯ್ ಹಾಗೇ ಉಳಿಯಿತು. ಉದ್ದನೆಯ ಎಡ ತಿರುವುಗಳಲ್ಲಿ ಅದು ಜೋರಾಗುತ್ತಿತ್ತು, ಬಲ ತಿರುವಿನಲ್ಲಿ ತಗ್ಗುತ್ತಿತ್ತು. ಎಡಕ್ಕೆ ತಿರುಗುವಾಗ ಕಾರಿನ ಭಾರ ಬಲ ಚಕ್ರದ ಮೇಲೆ ಬೀಳುತ್ತೆ. ಅನುಮಾನ ಬಲಗಡೆಗೆ ಹೋಯ್ತು.

ಮುಂದೆ ಇರೋದು ಘಾಟಿ, ಅದರಲ್ಲೂ ಇಳಿಜಾರು. ಲಾರಿ, ಟ್ಯಾಂಕರ್‌ಗಳ ನಡುವೆ ಸಡಿಲ ಚಕ್ರ ಇಟ್ಟುಕೊಂಡು ಇಳಿಯೋ ಮಾತೇ ಇಲ್ಲ. ಹಾಸನದಲ್ಲಿ ಒಂದು ಗ್ಯಾರೇಜಿಗೆ ಹೋದೆ. ಜಾಕ್ ಕೊಟ್ಟು ಬಲ ಮುಂಚಕ್ರ ಎತ್ತಿದ ಮೆಕ್ಯಾನಿಕ್ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿದ. ಟಕ್ ಟಕ್ ಅಂತು. ಸ್ಪ್ರಿಂಗ್ ಮುಟ್ಟಿಕೊಂಡು ಚಕ್ರ ತಿರುಗಿಸಿದಾಗ ಮರಳು ಅರೆದಂತೆ ಕೈಗೆ ತಾಗಿತು. ಬೇರಿಂಗು ಸವೆದಿತ್ತು. ಹಳೇ ಟೈರೇ ಗೊರಗುಟ್ಟುತ್ತಿದ್ದಾಗ ಅದರಡಿ ಈ ಸದ್ದು ಮುಚ್ಚಿಹೋಗಿತ್ತು. ಹೊಸ ಟೈರು ಬಂದ ಮೇಲೆ ಬಯಲಾಯ್ತು. ಎರಡು ಗಂಟೆಯಲ್ಲಿ ಬದಲಿಸಿದರು.

ಅಲ್ಲೇ ಟೈರನ್ನೂ ನೋಡಿಸಿದೆ. ಕೆಲವು ಟೈರಿನ ಪಕ್ಕದಲ್ಲಿ ತಿರುಗುವ ದಿಕ್ಕಿಗೆ ಬಾಣ ಇರುತ್ತೆ, ಕೆಲವಕ್ಕೆ ಯಾವ ಮಗ್ಗುಲು ಹೊರಗೆ ಅಂತ ಅಚ್ಚು ಹಾಕಿರ್ತಾರೆ. ತಿರುಗುಮುರುಗಾದ್ರೆ ಸದ್ದೂ ಹೆಚ್ಚು, ಮಳೆಯಲ್ಲಿ ಹಿಡಿತವೂ ಕಮ್ಮಿ. ನಮ್ಮದು ಸರಿಯಿತ್ತು. ಅಗಲ ಟೈರು ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಒಳಗಿನ ಪ್ಲಾಸ್ಟಿಕ್‌ಗೆ ಉಜ್ಜುತ್ತಿರಲಿಲ್ಲ. ಗಾಳಿ ಮಾತ್ರ 42 ಪಿಎಸ್‌ಐ ತೋರಿಸಿತು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಹೆಚ್ಚೇ ಇರುತ್ತೆ, ಆಗ ಬಿಟ್ಟರೆ ತಣ್ಣಗಾದಾಗ ಕಮ್ಮಿಯಾಗುತ್ತೆ. ಮರುದಿನ ಬೆಳಿಗ್ಗೆ ಉಪ್ಪಿನಂಗಡಿಯಲ್ಲಿ ತಣ್ಣಗಿದ್ದಾಗ ಅಳೆದರೆ 38. ಬಾಗಿಲ ಕಂಬದ ಚೀಟಿಯಲ್ಲಿರೋದು 33. ಅಂಗಡಿಯವರು ಹೆಚ್ಚು ತುಂಬಿಬಿಟ್ಟಿದ್ದರು. ಬಿಗಿದ ಡೋಲಿನ ಹಾಗೆ, ಗಾಳಿ ಜಾಸ್ತಿಯಾದ ಟೈರು ಪ್ರತಿ ಹರಳಿಗೂ ಬಡಿದುಕೊಳ್ಳುತ್ತೆ. 33ಕ್ಕೆ ಇಳಿಸಿದೆ. ಅದಕ್ಕಿಂತ ಕೆಳಗೆ ಇಳಿಸಬಾರದು, ಟೈರು ಕಾದು ಹಾಳಾಗುತ್ತೆ.

ಆದರೂ ಹಿಂತಿರುಗುವಾಗ ಘಾಟಿಯ ಕಾಂಕ್ರೀಟಿನ ಮೇಲೆ ಸದ್ದು ಇತ್ತು. ಅದು ಇರೋದೇ. ನೀರು ಹರಿಯಲಿ, ಚಕ್ರ ಜಾರದಿರಲಿ ಅಂತ ಕಾಂಕ್ರೀಟಿನ ಮೈಮೇಲೆ ಗೀರು ಎಳೆದಿರುತ್ತಾರೆ. ಅದರ ಮೇಲೆ ಚಕ್ರ ಹಾಡುತ್ತೆ. ಜೊತೆಗೆ ಹಲಗೆ ಹಲಗೆ ನಡುವೆ ಸಂದು, ಸಾಮಾನ್ಯವಾಗಿ ನಾಲ್ಕೂವರೆ ಮೀಟರಿಗೊಂದು. 60ರ ವೇಗದಲ್ಲಿ ಸೆಕೆಂಡಿಗೆ ಮೂರು ನಾಲ್ಕು ಸಲ ಡಬ್ ಡಬ್. ಇದಕ್ಕೆ ಮೆಕ್ಯಾನಿಕ್ ಬೇಡ, ವೇಗ ಇಳಿಸಿದರೆ ಸಾಕು. ಆದರೆ ಎಲ್ಲಾ ರಸ್ತೆಯಲ್ಲೂ ಚಕ್ರದ ಸುತ್ತಿಗೆ ಸರಿಯಾಗಿ ಡಬ್ ಡಬ್ ಬಂದ್ರೆ ಅದು ಬೇರೆ. ಟೈರು ಉಬ್ಬಿದೆಯಾ ನೋಡಿ, ಉಬ್ಬಿದ್ದರೆ ಓಡಿಸಬೇಡಿ. 80–100ರ ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ಬ್ಯಾಲೆನ್ಸಿಂಗ್ ಮಾಡಿಸಿ. ಟೈರಿನ ಮೇಲೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಅಂಗೈ ಆಡಿಸಿ. ಒಂದು ಕಡೆ ನುಣುಪು, ಇನ್ನೊಂದು ಕಡೆ ಗರಗಸದ ಹಾಗಿದ್ದರೆ ಅಲೈನ್‌ಮೆಂಟ್ ತಪ್ಪಿದೆ ಅಂತ ಅರ್ಥ.

ಕೊಳ್ಳುವ ಮುಂಚೆ ಒಂದು ಮಾತು. ಯುರೋಪಿನ ಲೇಬಲ್ ಇರುವ ಟೈರುಗಳಲ್ಲಿ ಡೆಸಿಬಲ್ ಅಂಕಿ ಇರುತ್ತೆ. ಅದು ರಸ್ತೆ ಬದಿಯಲ್ಲಿ ನಿಂತವರಿಗೆ ಕೇಳುವ ಸದ್ದು, ಕಾರಿನೊಳಗಿನದಲ್ಲ. ಆದರೂ ಹೋಲಿಸಲು ಉಪಯೋಗ: 3 ಡೆಸಿಬಲ್ ಹೆಚ್ಚಾದರೆ ಸದ್ದಿನ ಶಕ್ತಿ ಇಮ್ಮಡಿ.

ಸಾವಿರಾರು ರೂಪಾಯಿ ಕೊಟ್ಟು ಕಾರಿನೊಳಗೆ ಸದ್ದಡಗಿಸುವ ಹಾಳೆ ಅಂಟಿಸೋಕೆ ಮುಂಚೆ ಇಷ್ಟನ್ನು ನೋಡಿಕೊಳ್ಳಿ. ಹಾಳೆ ಟೈರಿನ ಮೊರೆತವನ್ನು ಸ್ವಲ್ಪ ತಗ್ಗಿಸೀತು, ಸವೆದ ಬೇರಿಂಗಿನ ಎಚ್ಚರಿಕೆಯನ್ನೂ ಮುಚ್ಚಿಹಾಕೀತು.